ಪ್ರಾಜೆಕ್ಟ್ ಮುಗಿದ ಮೇಲೂ ಆರೋಗ್ಯ ಕಾರ್ಯಕ್ರಮ ನಿಲ್ಲದ ಹಾಗೆ ನೋಡಿಕೊಳ್ಳುವುದು: ಹಂತ ಹಂತದ ಮಾರ್ಗದರ್ಶಿ

ಆಸ್ಪತ್ರೆಯಲ್ಲೋ ಕ್ಲಿನಿಕ್‌ನಲ್ಲೋ ಒಂದು ಹೊಸ ಕಾರ್ಯಕ್ರಮ ಶುರುವಾಗುತ್ತದೆ. ಫಲ ಕೊಡುತ್ತದೆ ಎಂದು ಅಧ್ಯಯನಗಳಲ್ಲಿ ಸಾಬೀತಾದ ಕ್ರಮವೇ ಅದು. ಒಂದೆರಡು ವರ್ಷ ಚೆನ್ನಾಗಿ ನಡೆಯುತ್ತದೆ. ಆಮೇಲೆ ಪ್ರಾಜೆಕ್ಟ್ ಹಣ ಮುಗಿಯುತ್ತದೆ, ಮುಂದೆ ನಿಂತು ನಡೆಸುತ್ತಿದ್ದವರು ಬೇರೆ ಕಡೆ ಹೋಗುತ್ತಾರೆ. ಆರು ತಿಂಗಳು ಬಿಟ್ಟು ನೋಡಿದರೆ ಗೋಡೆ ಮೇಲೆ ಪೋಸ್ಟರ್ ಇರುತ್ತದೆ, ಕೆಲಸ ಇರುವುದಿಲ್ಲ.

ಹಣ ನಿಂತಿದ್ದಕ್ಕೇ ಹೀಗಾಯಿತು ಎಂದು ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಹಣ ನಿಲ್ಲುವ ಎಷ್ಟೋ ಮೊದಲೇ ಆ ಕೆಲಸ ಒಬ್ಬಿಬ್ಬರ ನೆನಪಿನ ಮೇಲೆ, ಉತ್ಸಾಹದ ಮೇಲೆ ನಿಂತಿರುತ್ತದೆ. ಅವರು ಸುಸ್ತಾದ ದಿನ ಅದೂ ಸುಸ್ತಾಗುತ್ತದೆ. ಆ ಭಾರವನ್ನು ಅವರ ತಲೆಯಿಂದ ಇಳಿಸಿ ದಿನನಿತ್ಯದ ಕೆಲಸದೊಳಗೆ ಸೇರಿಸುವುದು ಹೇಗೆ ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ.

ಹಂತಗಳ ಕ್ರಮ ತಪ್ಪಿಸಬೇಡಿ. ಬಹಳ ಜನ ಐದನೇ ಹಂತದಿಂದ, ಅಂದರೆ ಹಣದಿಂದ ಶುರು ಮಾಡುತ್ತಾರೆ. ಯಾವುದಕ್ಕೆ ಎಷ್ಟು ಬೇಕು ಅನ್ನುವುದೇ ಗೊತ್ತಿಲ್ಲದೆ ಕೇಳಿದರೆ ಸಿಗುವುದು ಕಷ್ಟ. ಸಿಕ್ಕರೂ ಬೇಡದ್ದಕ್ಕೆ ಖರ್ಚಾಗುತ್ತದೆ. ಪ್ರಾಜೆಕ್ಟ್ ಮುಗಿಯಲು ಇನ್ನೂ ಒಂದು ವರ್ಷ ಇರುವಾಗಲೇ ಮೊದಲ ಹಂತಕ್ಕೆ ಕೈ ಹಾಕಿ. ಅಷ್ಟು ಸಮಯ ಉಳಿದಿಲ್ಲ ಎಂದಾದರೆ ಮೊದಲ ಎರಡು ಹಂತಗಳನ್ನು ಪೂರ್ತಿ ಮಾಡಿ, ಉಳಿದವನ್ನು ಚಿಕ್ಕದಾಗಿಸಿ.

ಉದಾಹರಣೆಗೆ ಬಿಪಿ ಕಾರ್ಯಕ್ರಮವನ್ನೇ ಹೆಚ್ಚಾಗಿ ತೆಗೆದುಕೊಂಡಿದ್ದೇನೆ. ಬಿಪಿ ಜಾಸ್ತಿ ಇರುವವರನ್ನು ಗುರುತಿಸಿ, ರಿಜಿಸ್ಟರ್‌ನಲ್ಲಿ ಬರೆದು, ಒಂದೇ ಕ್ರಮದಲ್ಲಿ ಮಾತ್ರೆ ಕೊಟ್ಟು, ತಪ್ಪದೆ ಫಾಲೋ ಅಪ್ ಮಾಡುವ ಕೆಲಸ. ನಿಮ್ಮದು ಕೈ ತೊಳೆಯುವ ಕಾರ್ಯಕ್ರಮವೋ, ಆಪರೇಷನ್ ಥಿಯೇಟರ್ ಚೆಕ್‌ಲಿಸ್ಟೋ ಆಗಿದ್ದರೂ ದಾರಿ ಇದೇ.

ಮೊದಲು ಜೋಡಿಸಿಟ್ಟುಕೊಳ್ಳಬೇಕಾದ್ದು

ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಕಾರ್ಯಕ್ರಮದ ಮೂಲ ಪ್ರೋಟೊಕಾಲ್, ಅಂದರೆ ಕೆಲಸವನ್ನು ಹೇಗೆ ಮಾಡಬೇಕು ಎಂದು ಬರೆದಿರುವ ಕ್ರಮ, ಬೇಕು; ಯಾರೋ ಮಾಡಿದ ಸಾರಾಂಶ ಸಾಲದು. ಹಿಂದಿನ 12 ತಿಂಗಳ ಅಂಕಿ ಬೇಕು. ಡ್ಯೂಟಿ ಪಟ್ಟಿ, ಸಾಮಾನಿನ ಪಟ್ಟಿ, ಒಂದು ಗಟ್ಟಿ ರಟ್ಟಿನ ನೋಟ್‌ಬುಕ್, ಒಂದಿಷ್ಟು ಗ್ರಾಫ್ ಹಾಳೆ ಸಾಕು.

ಜನರ ಪೈಕಿ ಇಬ್ಬರು ಬೇಕೇ ಬೇಕು. ವಾರಕ್ಕೆ ಎರಡು ಗಂಟೆ ಇದಕ್ಕಾಗಿಯೇ ಎಂದು ಡ್ಯೂಟಿಯಲ್ಲಿ ಬರೆದಿರುವ ಒಬ್ಬರು. ಖರ್ಚಿನ ಕಾಗದಕ್ಕೆ ಸಹಿ ಹಾಕುವ ಅಧಿಕಾರ ಇರುವ ಇನ್ನೊಬ್ಬರು. ಎರಡನೆಯವರು ಇಲ್ಲದೆ ಶುರು ಮಾಡಿದರೆ ಐದನೇ ಹಂತದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಹಂತ 1: ಉಳಿಸಿಕೊಳ್ಳುವಷ್ಟು ಫಲ ಇದೆಯಾ ನೋಡಿ

ಈ ಹಂತವನ್ನು ಯಾರೂ ಇಷ್ಟಪಡುವುದಿಲ್ಲ. "ಸಾಬೀತಾದ ಕಾರ್ಯಕ್ರಮ ಅಲ್ವಾ, ಮತ್ತೇನು ನೋಡೋದು?" ಅನ್ನುತ್ತಾರೆ. ಬೇರೆ ಕಡೆ ಸಾಬೀತಾಗಿದೆ ಎಂದ ಮಾತ್ರಕ್ಕೆ ನಿಮ್ಮಲ್ಲೂ ಕೆಲಸ ಮಾಡುತ್ತಿದೆ ಎಂದಾಗಲಿಲ್ಲ.

ಆಪರೇಷನ್ ಸುರಕ್ಷತೆಯ ಚೆಕ್‌ಲಿಸ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ವಿಶ್ವ ಆರೋಗ್ಯ ಸಂಸ್ಥೆಯ ಈ 19 ಅಂಶಗಳ ಪಟ್ಟಿಯನ್ನು 8 ಆಸ್ಪತ್ರೆಗಳಲ್ಲಿ ಬಳಸಿ ನೋಡಿದ ಅಧ್ಯಯನ 2009ರಲ್ಲಿ ಬಂತು. ಸಾವಿನ ಪ್ರಮಾಣ 1.5%ರಿಂದ 0.8%ಕ್ಕೆ ಇಳಿದಿತ್ತು. ಮುಂದೆ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಇಂಥ ಚೆಕ್‌ಲಿಸ್ಟ್ ಕಡ್ಡಾಯವಾಯಿತು. ಅಲ್ಲಿನ 101 ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಬಂದಾಗ ಸಾವಿನ ಪ್ರಮಾಣ 0.71%ರಿಂದ 0.65%ಕ್ಕೆ ಬಂದಿತ್ತು ಅಷ್ಟೇ. ಸಂಖ್ಯಾಶಾಸ್ತ್ರದ ಪ್ರಕಾರ ಅದನ್ನು ನಿಜವಾದ ಬದಲಾವಣೆ ಎನ್ನಲಾಗದು. ಹಾಗಾಗಲು ಕಾರಣ ಏನು ಅನ್ನುವ ವಾದ ಇವತ್ತಿಗೂ ಇದೆ. ನನ್ನ ಮಟ್ಟಿಗೆ ಅದರಿಂದ ಕಲಿಯಬೇಕಾದ್ದು ಒಂದೇ: ಪಟ್ಟಿಗೆ ಟಿಕ್ ಹಾಕುವುದು ಬೇರೆ, ಪಟ್ಟಿಯಲ್ಲಿ ಇರುವುದನ್ನು ಮಾಡುವುದು ಬೇರೆ.

ಹಾಗಾಗಿ ಹೀಗೆ ಮಾಡಿ.

1. ಹಿಂದಿನ 12 ತಿಂಗಳ ಅಂಕಿ ಮುಂದಿಟ್ಟುಕೊಳ್ಳಿ. ರೋಗಿಗಳಿಗೆ ಆದ ಲಾಭ ಯಾವುದರಲ್ಲಿ ಕಾಣಿಸುತ್ತಿದೆ?

2. ಒಂದು ದಿನ ಪೂರ್ತಿ ಕೆಲಸ ನಡೆಯುವ ಜಾಗದಲ್ಲಿ ಕೂತು ನೋಡಿ. ಮಧ್ಯೆ ಬಾಯಿ ಹಾಕಬೇಡಿ. ಪ್ರೋಟೊಕಾಲ್‌ನಲ್ಲಿ ಇರುವುದರಲ್ಲಿ ಎಷ್ಟು ನಿಜವಾಗಿ ನಡೆಯುತ್ತಿದೆ ಎಂದು ಬರೆದುಕೊಳ್ಳಿ. ಯಾರಾದರೂ ನೋಡುತ್ತಿದ್ದರೆ ಜನ ಹೆಚ್ಚು ಹುಷಾರಾಗಿ ಕೆಲಸ ಮಾಡುತ್ತಾರೆ. ಅದಕ್ಕೇ ಮೊದಲ ಒಂದು ಗಂಟೆ ಕಂಡದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

3. ಕೆಲಸ ಸರಿಯಾಗಿ ನಡೆದೂ ಫಲ ಇಲ್ಲದಿದ್ದರೆ ಹತ್ತನೇ ಹಂತಕ್ಕೆ ಹೋಗಿ. ಫಲ ಇದ್ದರೆ, ಇಲ್ಲವೇ ಕೆಲಸವೇ ನಡೆಯುತ್ತಿಲ್ಲ ಎಂದಾದರೆ, ಮುಂದೆ ಓದಿ.

ಹಂತ 2: ತಿರುಳು ಯಾವುದು, ಸಿಪ್ಪೆ ಯಾವುದು, ಬೇರೆ ಮಾಡಿ

ಇಡೀ ಬರಹದಲ್ಲಿ ಒಂದೇ ಹಂತ ಮಾಡಲು ಸಮಯ ಇದ್ದರೆ ಇದನ್ನೇ ಮಾಡಿ.

ಹಣ, ಜನ ಕಡಿಮೆಯಾದಾಗ ಏನಾದರೂ ಬಿಡಲೇಬೇಕಾಗುತ್ತದೆ. ಯಾವುದನ್ನು ಬಿಡಬೇಕು ಎಂದು ಮೊದಲೇ ತೀರ್ಮಾನ ಮಾಡಿರದಿದ್ದರೆ, ಸುಲಭವಾದದ್ದು ಉಳಿದು ಕಷ್ಟವಾದದ್ದು ಬಿಟ್ಟುಹೋಗುತ್ತದೆ. ಫಲ ಕೊಡುತ್ತಿದ್ದದ್ದು ಸಾಮಾನ್ಯವಾಗಿ ಆ ಕಷ್ಟದ ಭಾಗವೇ ಆಗಿರುತ್ತದೆ. ಬಿಪಿ ಕಾರ್ಯಕ್ರಮದಲ್ಲಿ ಅಳೆಯುವುದು ಸುಲಭ, ಬಾರದವರನ್ನು ಹುಡುಕಿ ಕರೆಸುವುದು ಕಷ್ಟ. ಮೊದಲು ನಿಲ್ಲುವುದು ಯಾವುದು ಅಂತ ನೀವೇ ಊಹಿಸಿ.

ಒಂದು ಹಾಳೆಯಲ್ಲಿ ಮೂರು ಕಂಬಸಾಲು ಎಳೆಯಿರಿ: ತಿರುಳು, ಬದಲಾಯಿಸಬಹುದಾದದ್ದು, ಬಿಡಬಹುದಾದದ್ದು. ಕಾರ್ಯಕ್ರಮದ ಒಂದೊಂದು ಕೆಲಸಕ್ಕೂ ಒಂದೇ ಪ್ರಶ್ನೆ ಕೇಳಿ: ಇದನ್ನು ತೆಗೆದರೆ ರೋಗಿಗೆ ಏನಾಗುತ್ತದೆ?

ಬಿಪಿ ವಿಷಯದಲ್ಲಿ ನನ್ನ ಹಾಳೆ ಹೀಗಿರುತ್ತದೆ. ತಿರುಳಿನಲ್ಲಿ ಐದು: ಸರಿಯಾಗಿ ಅಳೆಯುವುದು; ಯಾವ ಮಾತ್ರೆ, ಎಷ್ಟು, ಯಾವಾಗ ಹೆಚ್ಚಿಸಬೇಕು ಎಂಬ ಒಂದೇ ಕ್ರಮ; ಮಾತ್ರೆ ಖಾಲಿಯಾಗದ ಹಾಗೆ ಸ್ಟಾಕ್; ಪ್ರತಿಯೊಬ್ಬ ರೋಗಿಯ ಹೆಸರಿರುವ ರಿಜಿಸ್ಟರ್; ಬಾರದವರನ್ನು ಕರೆಸುವುದು. ಬದಲಾಯಿಸಬಹುದಾದ ಕಡೆ: ಅಳೆಯುವವರು ಯಾರು, ವಾರದ ಯಾವ ದಿನ, ರಿಜಿಸ್ಟರ್ ಪುಸ್ತಕದಲ್ಲೋ ಕಂಪ್ಯೂಟರ್‌ನಲ್ಲೋ, ಕರೆಸುವುದು ಫೋನ್‌ನಲ್ಲೋ ಮನೆಗೆ ಹೋಗಿಯೋ. ಬಿಡಬಹುದಾದ ಕಡೆ: ಪ್ರಾಜೆಕ್ಟ್‌ನವರಿಗಾಗಿ ತುಂಬುತ್ತಿದ್ದ ನಾಲ್ಕು ಪುಟದ ತಿಂಗಳ ವರದಿ, ಬಣ್ಣದ ಕಾರ್ಡ್, ಫೋಟೊ, ಬ್ಯಾನರ್.

"ಸರಿಯಾಗಿ ಅಳೆಯುವುದು" ಎಂದು ಬರೆದು ಕೈಬಿಡಬೇಡಿ. ತಿರುಳಿನಲ್ಲಿ ಇರುವುದನ್ನು ಹೊಸಬರೂ ಮಾಡುವ ಹಾಗೆ ಬಿಡಿಸಿ ಬರೆಯಬೇಕು. ರೋಗಿ ಐದು ನಿಮಿಷ ಸುಮ್ಮನೆ ಕೂತಿರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕಬಾರದು. ತೋಳು ಎದೆಯ ಮಟ್ಟದಲ್ಲಿ, ಯಾವುದರ ಮೇಲಾದರೂ ಊರಿರಬೇಕು. ಬಿಪಿ ಮಷೀನ್‌ನ ತೋಳಿಗೆ ಸುತ್ತುವ ಪಟ್ಟಿ ಬಟ್ಟೆಯ ಮೇಲೆ ಬೇಡ, ಬರಿ ತೋಳಿಗೆ. ಪಟ್ಟಿ ತೋಳಿಗೆ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಅಳೆಯುವಾಗ ಮಾತು ಬೇಡ, ಇಬ್ಬರದ್ದೂ.

ತಪ್ಪು ಎಲ್ಲಿ ಆಗುತ್ತದೆ ಅಂದರೆ, ಎಲ್ಲವೂ ತಿರುಳು ಎಂದು ಹಟ ಹಿಡಿಯುವುದರಲ್ಲಿ. ಹಾಳೆಯ ಮೊದಲ ಕಂಬಸಾಲಿನಲ್ಲಿ ಏಳಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಕೂತು ಜರಡಿ ಹಿಡಿಯಿರಿ. ಇದು ನನ್ನ ಅಂದಾಜಿನ ಮಿತಿ, ಶಾಸ್ತ್ರ ಏನಲ್ಲ.

ಹಂತ 3: ರಜೆ ಪರೀಕ್ಷೆ ಮಾಡಿ

ಕಾರ್ಯಕ್ರಮ ನಡೆಸುವ ಮುಖ್ಯ ವ್ಯಕ್ತಿಯನ್ನು ಎರಡು ವಾರ ಅದರಿಂದ ದೂರ ಇಡಿ. ನಿಜವಾದ ರಜೆ ಆದರೆ ಒಳ್ಳೆಯದು. ಇಲ್ಲದಿದ್ದರೆ ಬೇರೆ ವಾರ್ಡ್‌ಗೆ ಹಾಕಿ. ಫೋನ್ ಮಾಡಿ ಕೇಳುವ ಹಾಗಿಲ್ಲ. ಎಲ್ಲಿ ಎಲ್ಲಿ ಕೆಲಸ ನಿಂತಿತು ಎಂದು ಇನ್ನೊಬ್ಬರು ಬರೆಯುತ್ತಾ ಹೋಗಲಿ.

ನಾನು ನೋಡಿದ ಒಂದು ಕಡೆ ಮೂರನೇ ದಿನವೇ ನಿಂತಿತು. ಕಾರಣ ಎಷ್ಟು ಚಿಕ್ಕದು ಅಂದರೆ ನಗು ಬರುತ್ತದೆ: ಬಿಪಿ ಪಟ್ಟಿಗಳಿದ್ದ ಕಪಾಟಿನ ಬೀಗದ ಕೈ ರಜೆಯಲ್ಲಿದ್ದ ನರ್ಸ್ ಅವರ ಬ್ಯಾಗಿನಲ್ಲಿತ್ತು. ಬೀಗ ತೆಗೆಸಿದ ಮೇಲೆ ಇನ್ನೊಂದು ಗೊತ್ತಾಯಿತು. ಬಾರದ ರೋಗಿಗಳ ನಂಬರ್‌ಗಳೆಲ್ಲ ಅವರ ಸ್ವಂತ ಮೊಬೈಲ್‌ನಲ್ಲೇ ಇದ್ದವು. ಆ ನರ್ಸ್ ತಪ್ಪು ಮಾಡಿರಲಿಲ್ಲ. ಬೇರೆ ಜಾಗವನ್ನೇ ಯಾರೂ ಮಾಡಿಕೊಟ್ಟಿರಲಿಲ್ಲ, ಹಾಗಾಗಿ ಅವರೇ ಒಂದು ದಾರಿ ಕಂಡುಕೊಂಡಿದ್ದರು.

ಪರೀಕ್ಷೆ ಮುಗಿದ ಮೇಲೆ ಹೀಗೆ ಮಾಡಿ.

1. ನಿಂತ ಒಂದೊಂದು ಕಡೆಗೂ ಎರಡನೇ ಹೆಸರು ಹಾಕಿ. "ಸಿಬ್ಬಂದಿ" ಎಂದು ಬರೆಯಬೇಡಿ, ಹುದ್ದೆಯ ಹೆಸರು ಬರೆಯಿರಿ. ಉದಾಹರಣೆಗೆ "ಬೆಳಗಿನ ಶಿಫ್ಟ್‌ನ ಹಿರಿಯ ನರ್ಸ್". ಜನ ಬದಲಾದರೂ ಹುದ್ದೆ ಇರುತ್ತದೆ.

2. ಬೀಗದ ಕೈ, ಪಾಸ್‌ವರ್ಡ್, ಫೋನ್ ಪಟ್ಟಿ, ಸಾಮಾನು ತರಿಸುವ ಫಾರಂ, ಇವು ಎಲ್ಲಿವೆ ಎಂದು ಒಂದು ಪುಟದಲ್ಲಿ ಬರೆದಿಡಿ. ರೋಗಿಗಳ ಮಾಹಿತಿ ಯಾರ ಸ್ವಂತ ಫೋನ್‌ನಲ್ಲೂ ಇರಬಾರದು.

3. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿ.

ಹಂತ 4: ಕೆಲಸದೊಳಗೆ ಕೆಲಸ ಸೇರಿಸಿ

ನೆನಪಿಸಿ ನೆನಪಿಸಿ ನಡೆಸುವ ಕೆಲಸ ನೆನಪಿಸುವವರು ಇರುವ ತನಕ ಮಾತ್ರ. ಸರಿಯಾದದ್ದನ್ನು ಮಾಡುವುದೇ ಸುಲಭ, ಬಿಟ್ಟುಬಿಡುವುದೇ ಕಷ್ಟ ಅನ್ನುವ ಹಾಗೆ ಜಾಗ ಮತ್ತು ಸಾಮಾನನ್ನು ಜೋಡಿಸಬೇಕು.

ಅಮೆರಿಕದ ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ದೊಡ್ಡ ರಕ್ತನಾಳಕ್ಕೆ ಹಾಕುವ ಕ್ಯಾತಿಟರ್‌ನಿಂದ (ತೆಳು ಕೊಳವೆಯಿಂದ) ಬರುವ ಸೋಂಕು ತಡೆಯುವ ಕಾರ್ಯಕ್ರಮ ನಡೆಯಿತು. 2006ರಲ್ಲಿ ಬಂದ ಅದರ ವರದಿ ನೂರಕ್ಕೂ ಹೆಚ್ಚು ಐಸಿಯುಗಳದ್ದು. ಮಾಡಬೇಕಿದ್ದ ಕೆಲಸ ಐದೇ: ಕೈ ತೊಳೆಯುವುದು, ಹಾಕುವಾಗ ರೋಗಿಯನ್ನು ಪೂರ್ತಿ ಮುಚ್ಚಿ ಗೌನ್, ಮಾಸ್ಕ್, ಗ್ಲೌಸ್ ಧರಿಸುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡೀನ್ ಎಂಬ ರೋಗಾಣುನಾಶಕದಿಂದ ಒರೆಸುವುದು, ಸಾಧ್ಯವಾದಷ್ಟು ತೊಡೆಸಂದಿನ ಜಾಗ ಬಿಡುವುದು, ಬೇಡವಾದ ಕೂಡಲೇ ಕ್ಯಾತಿಟರ್ ತೆಗೆಯುವುದು. ಇದರಲ್ಲಿ ಹೊಸದೇನೂ ಇರಲಿಲ್ಲ. ಆದರೆ ಬೇಕಾದ ಸಾಮಾನೆಲ್ಲ ಒಂದೇ ಗಾಡಿಯಲ್ಲಿ ಇರುವ ಹಾಗೆ ಮಾಡಿದರು. ಹಂತ ತಪ್ಪಿದರೆ, ತುರ್ತು ಇಲ್ಲದಿದ್ದಾಗ, ನಡುವೆಯೇ ನಿಲ್ಲಿಸಿ ಎನ್ನುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಟ್ಟರು. ಮೂರು ವರ್ಷದ ಮೇಲೂ ಸೋಂಕು ಕಡಿಮೆಯೇ ಇತ್ತು ಎಂದು 2010ರ ವರದಿ ಹೇಳುತ್ತದೆ. ಒಂದು ಗಾಡಿ, ಒಂದು ಅಧಿಕಾರ. ಎರಡನೆಯದು ಕೊಡುವುದು ಮೊದಲನೆಯದಕ್ಕಿಂತ ಕಷ್ಟ, ಯಾಕೆಂದರೆ ಡಾಕ್ಟರ್ ಕೈಯನ್ನು ನರ್ಸ್ ತಡೆಯಬೇಕಾಗುತ್ತದೆ. ತಡೆದವರ ಪರವಾಗಿ ಮೇಲಿನವರು ಮೊದಲ ಸಲವೇ ನಿಲ್ಲದಿದ್ದರೆ ಎರಡನೇ ಸಲ ಯಾರೂ ತಡೆಯುವುದಿಲ್ಲ.

ನಿಮ್ಮಲ್ಲಿ ಮಾಡುವಾಗ ಎರಡು ಕಡೆ ಗಮನ ಕೊಡಿ.

ಮೊದಲನೆಯದು ಜಾಗ. ಬಿಪಿ ನೋಡುವ ಕುರ್ಚಿ ಚೀಟಿ ಬರೆಸುವ ಜಾಗಕ್ಕೂ ಡಾಕ್ಟರ್ ಕೋಣೆಗೂ ನಡುವೆ ಇರಲಿ. ರೋಗಿ ಹೇಗೂ ಅಲ್ಲಿ ಕಾಯುತ್ತಾರೆ, ಐದು ನಿಮಿಷ ತಾನಾಗಿ ಸಿಗುತ್ತದೆ. ಕುರ್ಚಿ ಬೇರೆ ಕೋಣೆಯಲ್ಲಿದ್ದರೆ ಜನ ಜಾಸ್ತಿ ಇರುವ ದಿನ ಯಾರೂ ಆ ಕಡೆ ಹೋಗುವುದಿಲ್ಲ.

ಎರಡನೆಯದು ಲೆಕ್ಕ. ಹೊಸದೊಂದು ಸೇರಿಸಿದರೆ ಹಳೆಯದೊಂದು ತೆಗೆಯಿರಿ. ಒಂದೇ ಬಿಪಿ ಅಂಕಿಯನ್ನು ಚೀಟಿಯಲ್ಲಿ, ರಿಜಿಸ್ಟರ್‌ನಲ್ಲಿ, ಕಂಪ್ಯೂಟರ್‌ನಲ್ಲಿ ಮೂರು ಸಲ ಬರೆಸುತ್ತಿದ್ದರೆ ಎರಡನ್ನು ನಿಲ್ಲಿಸಿ. ನರ್ಸ್‌ಗಳು ಕಾರ್ಯಕ್ರಮದ ಮೇಲೆ ಸಿಟ್ಟಾಗುವುದು ರೋಗಿಗಳ ಕೆಲಸಕ್ಕಲ್ಲ, ಬರೆಯುವ ಕೆಲಸಕ್ಕೆ.

ಹಂತ 5: ಹಣವನ್ನು ಗುಡ್ಡೆ ಗುಡ್ಡೆಯಾಗಿ ವಿಂಗಡಿಸಿ

ಈಗ ಹಣದ ಮಾತು. ಎರಡನೇ ಹಂತದ ಹಾಳೆ ಮುಂದಿಟ್ಟುಕೊಂಡು ತಿರುಳಿಗೆ ಬೇಕಾದ ಖರ್ಚನ್ನು ಮಾತ್ರ ನಾಲ್ಕು ಗುಡ್ಡೆ ಮಾಡಿ: ಒಂದೇ ಸಲದ್ದು, ಖಾಲಿಯಾಗುವ ಸಾಮಾನು, ರಿಪೇರಿ, ಜನರ ಸಮಯ.

ಒಂದೇ ಸಲದ್ದು ಪ್ರಾಜೆಕ್ಟ್‌ನಲ್ಲೇ ಆಗಿಹೋಗಿರುತ್ತದೆ. ಖಾಲಿಯಾಗುವ ಸಾಮಾನನ್ನು ಆಸ್ಪತ್ರೆಯ ಮಾಮೂಲಿ ಖರೀದಿ ಪಟ್ಟಿಗೆ ಸೇರಿಸಬೇಕು. ಪ್ರತ್ಯೇಕ ಪಟ್ಟಿಯಲ್ಲಿ ಇದ್ದರೆ ಒಂದು ವರ್ಷ ಯಾರೋ ಒಬ್ಬರು ಆ ಪಟ್ಟಿ ತೆರೆಯಲು ಮರೆಯುತ್ತಾರೆ, ಅಲ್ಲಿಗೆ ಮುಗಿಯಿತು.

ರಿಪೇರಿ ಎಲ್ಲರೂ ಮರೆಯುವ ಗುಡ್ಡೆ. ಬಿಪಿ ಪಟ್ಟಿಯ ಅಂಟು ಹೋಗುತ್ತದೆ, ರಬ್ಬರ್ ಕೊಳವೆ ಬಿರಿಯುತ್ತದೆ, ಬ್ಯಾಟರಿ ಸಾಯುತ್ತದೆ. ಮಷೀನ್ ಸರಿಯಾಗಿ ತೋರಿಸುತ್ತಿದೆಯಾ ಎಂದು ಕಾಲಕಾಲಕ್ಕೆ ಪರೀಕ್ಷಿಸಬೇಕು. ಇದಕ್ಕೆಲ್ಲ ಬೇಕಾಗುವ ಹಣ ಚಿಕ್ಕದು. ಆದರೆ ಚಿಕ್ಕದಕ್ಕೆ ಯಾರ ಸಹಿ ಬೇಕು ಎಂಬುದು ಗೊತ್ತಿಲ್ಲದೆ ಮಷೀನ್ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂರುತ್ತದೆ.

ಜನರ ಸಮಯವನ್ನು ಗಂಟೆಗಳಲ್ಲಿ ಬರೆಯಿರಿ. ಪ್ರಾಜೆಕ್ಟ್ ಹಣದಲ್ಲಿ ಒಬ್ಬರನ್ನು ನೇಮಿಸಿದ್ದರೆ ಅವರು ನಿಜಕ್ಕೂ ಏನೇನು ಮಾಡುತ್ತಿದ್ದರು ಎಂದು ಒಂದು ವಾರ ಲೆಕ್ಕ ಇಡಿ. ಅರ್ಧ ಸಮಯ ಪ್ರಾಜೆಕ್ಟ್ ವರದಿಗೇ ಹೋಗುತ್ತಿದ್ದರೆ ಉಳಿದ ಅರ್ಧಕ್ಕೆ ಮಾತ್ರ ಜನ ಹುಡುಕಿದರೆ ಸಾಕು.

ಕೇಳುವಾಗ ಒಂದೇ ಪುಟ ಕೊಡಿ. ಮೇಲೆ ಈ ವರ್ಷ ಆದ ಫಲ, ನಡುವೆ ನಾಲ್ಕು ಗುಡ್ಡೆ, ಕೆಳಗೆ ಈ ಹಣ ಸಿಗದಿದ್ದರೆ ತಿರುಳಿನಲ್ಲಿ ಯಾವುದು ಮೊದಲು ನಿಲ್ಲುತ್ತದೆ ಎಂಬ ಒಂದು ಸಾಲು. ಬಜೆಟ್ ತಯಾರಾಗುವ ಮೊದಲೇ ಕೊಡಬೇಕು. ಆದ ಮೇಲೆ ಕೊಟ್ಟರೆ ಒಂದು ವರ್ಷ ಹಿಂದೆ ಬಿದ್ದ ಹಾಗೆ.

ಹಂತ 6: ಕಡಿಮೆ ಅಳೆಯಿರಿ, ಆದರೆ ಸರಿಯಾಗಿ ಅಳೆಯಿರಿ

ಪ್ರಾಜೆಕ್ಟ್ ಇರುವಾಗ 30 ಅಂಕಿ ತುಂಬುತ್ತಿದ್ದಿರಬಹುದು. ಈಗ ಮೂರು ಇಟ್ಟುಕೊಳ್ಳಿ: ಕೆಲಸ ನಡೆಯುತ್ತಿದೆ ಎಂದು ತೋರಿಸುವ ಒಂದು, ರೋಗಿಗೆ ಲಾಭ ಆಗುತ್ತಿದೆ ಎಂದು ತೋರಿಸುವ ಒಂದು, ಬೇರೆ ಕಡೆ ತೊಂದರೆ ಆಗುತ್ತಿಲ್ಲ ಎಂದು ನೋಡಲು ಒಂದು. ಬಿಪಿಗೆ ನಾನು ಇಡುವುದು ಇವು: ಬರಬೇಕಿದ್ದವರಲ್ಲಿ ಎಷ್ಟು ಜನ ಬಂದರು, ನೋಂದಾಯಿಸಿದವರಲ್ಲಿ ಎಷ್ಟು ಜನರ ಬಿಪಿ 140/90ಕ್ಕಿಂತ ಕಡಿಮೆ ಇದೆ, ಉಳಿದ ರೋಗಿಗಳು ಕಾಯುವ ಸಮಯ ಎಷ್ಟಾಗಿದೆ.

ಎರಡನೇ ಅಂಕಿಯಲ್ಲಿ ಹತ್ತಕ್ಕೆ ಎಂಟು ಜನ ಎಡವುತ್ತಾರೆ ಅನ್ನಿಸುತ್ತದೆ ನನಗೆ. ಲೆಕ್ಕ ನೋಡಿ. ರಿಜಿಸ್ಟರ್‌ನಲ್ಲಿ 200 ಜನ ಇದ್ದಾರೆ ಎಂದುಕೊಳ್ಳಿ. ಈ ಮೂರು ತಿಂಗಳಲ್ಲಿ ಬಂದವರು 120. ಅವರಲ್ಲಿ ಬಿಪಿ ಹತೋಟಿಯಲ್ಲಿ ಇರುವವರು 84. ಬಂದವರಿಂದ ಭಾಗಿಸಿದರೆ 70%, ಭಲೇ ಅನ್ನಿಸುತ್ತದೆ. 200ರಿಂದ ಭಾಗಿಸಿದರೆ 42%. ಸರಿಯಾದ ಅಂಕಿ 42. ಬಾರದವರನ್ನು ಲೆಕ್ಕದಿಂದ ಬಿಟ್ಟರೆ ಕಾರ್ಯಕ್ರಮ ಹದಗೆಟ್ಟಷ್ಟೂ ಅಂಕಿ ಚೆನ್ನಾಗಿ ಕಾಣಿಸುವ ವಿಚಿತ್ರ ಆಗಬಹುದು, ಯಾಕೆಂದರೆ ಮಾತ್ರೆ ತಪ್ಪಿಸುವವರೇ ಬರುವುದನ್ನೂ ತಪ್ಪಿಸುತ್ತಾರೆ.

ಅಂಕಿಯನ್ನು ಪ್ರತಿ ತಿಂಗಳು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯಿರಿ. ಹತ್ತು ಹನ್ನೆರಡು ಚುಕ್ಕಿ ಆದ ಮೇಲೆ, ಅರ್ಧ ಚುಕ್ಕಿ ಮೇಲೆ, ಅರ್ಧ ಕೆಳಗೆ ಬರುವ ಹಾಗೆ ಅಡ್ಡ ಗೆರೆ ಹಾಕಿ. ಒಂದು ತಿಂಗಳು ಇಳಿದರೆ ಗಾಬರಿ ಬೇಡ. ಸತತ 6 ಚುಕ್ಕಿ ಅಡ್ಡ ಗೆರೆಯ ಒಂದೇ ಕಡೆ ಬಿದ್ದರೆ, ಇಲ್ಲವೇ ಸತತ 5 ಚುಕ್ಕಿ ಏರುತ್ತಲೋ ಇಳಿಯುತ್ತಲೋ ಹೋದರೆ, ಆಗ ನಿಜವಾಗಿ ಏನೋ ಬದಲಾಗಿದೆ ಎಂದು ಹುಡುಕಿ. ಅದಕ್ಕೂ ಮೊದಲು ಸಭೆ ಕರೆದು ಬೈದರೆ ಜನ ಅಂಕಿ ತಿದ್ದುವುದನ್ನು ಕಲಿಯುತ್ತಾರೆ ಅಷ್ಟೇ.

ಅಂಕಿ ನಿಜವೋ ಅಲ್ಲವೋ ನೋಡಲು ಒಂದು ಸುಲಭ ಉಪಾಯ ಇದೆ. ರಿಜಿಸ್ಟರ್ ತೆಗೆದು ಮೇಲಿನ ಬಿಪಿಯ ಕೊನೆಯ ಅಂಕೆ ಮಾತ್ರ ಓದುತ್ತಾ ಹೋಗಿ. ಡಿಜಿಟಲ್ ಮಷೀನ್ ಆದರೆ ಸೊನ್ನೆಯಲ್ಲಿ ಮುಗಿಯುವುದು ಸುಮಾರು 10% ಇರಬೇಕು. ಮುಳ್ಳಿನ ಮಷೀನ್‌ನಲ್ಲಿ ಎರಡೆರಡರ ಲೆಕ್ಕದಲ್ಲಿ ಓದುವುದರಿಂದ ಸುಮಾರು 20%. ಅರ್ಧಕ್ಕೂ ಹೆಚ್ಚು 120, 130, 140 ಎಂದೇ ಇದ್ದರೆ ಅಳೆಯುವುದು ಅಂದಾಜಿಗೆ ಇಳಿದಿದೆ. ಕೆಲವು ಕಡೆ ಅಳೆಯುವುದೇ ನಿಂತಿರುತ್ತದೆ.

ಹಂತ 7: ಹೊಸಬರು ಬಂದ ದಿನವೇ ಕಲಿಸಿ

ವರ್ಷಕ್ಕೊಮ್ಮೆ ದೊಡ್ಡ ಟ್ರೈನಿಂಗ್ ಮಾಡುವುದರಿಂದ ಉಪಯೋಗ ಕಡಿಮೆ. ಅದು ಮುಗಿದ ಮರುವಾರ ಸೇರಿದವರಿಗೆ 51 ವಾರ ಏನೂ ಗೊತ್ತಿರುವುದಿಲ್ಲ. ಹೊಸಬರು ಸೇರಿದ ಮೊದಲ ವಾರದಲ್ಲೇ ಅರ್ಧ ಗಂಟೆ ಇಡಿ. ತೋರಿಸಿ, ಮಾಡಿಸಿ, ಅವರು ಮಾಡುವುದನ್ನು ನೋಡಿ, ಆಮೇಲೆ ಸಹಿ ಹಾಕಿ. ಹಳಬರಿಗೆ ಆರು ತಿಂಗಳಿಗೊಮ್ಮೆ ಹತ್ತು ನಿಮಿಷ ಸಾಕು. ಡಾಕ್ಟರ್‌ಗಳನ್ನು ಬಿಡಬೇಡಿ. "ಅವರಿಗೆ ಗೊತ್ತಿರುತ್ತೆ" ಎನ್ನುವುದು ದುಬಾರಿ ಊಹೆ.

ಹಂತ 8: ಬದಲಾವಣೆಯ ಪುಸ್ತಕ ಇಡಿ

ಕಾರ್ಯಕ್ರಮ ಬದಲಾಗಿಯೇ ಆಗುತ್ತದೆ. ಬದಲಾಗಬಾರದು ಎಂದು ಹಟ ಮಾಡಿದರೆ ಕದ್ದು ಬದಲಾಗುತ್ತದೆ. ಆ ಗಟ್ಟಿ ರಟ್ಟಿನ ನೋಟ್‌ಬುಕ್ ಇದಕ್ಕೇ. ತಾರೀಖು, ಏನು ಬದಲಾಯಿತು, ಯಾಕೆ, ಯಾರು ಒಪ್ಪಿದರು, ತಿರುಳಿಗೆ ಕೈ ಹಾಕಿದೆಯಾ. ಐದೇ ಕಲಂ.

ಒಂದು ಸಾಲು ಹೀಗಿರಬಹುದು: "ಸೋಮವಾರ ಜನ ಜಾಸ್ತಿ, ಅದಕ್ಕೆ ಫಾಲೋ ಅಪ್ ಗುರುವಾರಕ್ಕೆ. ತಿರುಳಿಗೆ ತೊಂದರೆ ಇಲ್ಲ." ಇನ್ನೊಂದು ಹೀಗೆ: "ಜನ ಜಾಸ್ತಿ, ಅದಕ್ಕೆ ಐದು ನಿಮಿಷ ಕೂರಿಸುವುದು ಬಿಟ್ಟಿದ್ದೇವೆ." ಎರಡನೆಯದರಲ್ಲಿ ತಿರುಳೇ ಹೋಯಿತು. ಓಡಾಡಿ ಬಂದವರ ಬಿಪಿ ಜಾಸ್ತಿ ತೋರಿಸುತ್ತದೆ, ಬೇಡದವರಿಗೆ ಮಾತ್ರೆ ಹೆಚ್ಚಾಗುತ್ತದೆ. ಬರೆದಿದ್ದರಿಂದ ಗೊತ್ತಾಯಿತು. ಬರೆಯದಿದ್ದರೆ? ಹಾಗಾಗಿ ಬರೆದವರನ್ನು ಯಾವತ್ತೂ ಬೈಯಬೇಡಿ.

ಹಂತ 9: ತಾರೀಖು ಗೊತ್ತು ಮಾಡಿ ತಿರುಗಿ ನೋಡಿ

ಮೂರು ತಿಂಗಳಿಗೊಮ್ಮೆ ಒಂದು ಗಂಟೆ. ಗ್ರಾಫ್, ಬದಲಾವಣೆಯ ಪುಸ್ತಕ, ಸ್ಟಾಕ್ ಪಟ್ಟಿ ಮೇಜಿನ ಮೇಲೆ. ಮುಂದಿನ ಸಭೆಯ ತಾರೀಖು ಬರೆಯದೆ ಏಳಬೇಡಿ.

ವರ್ಷಕ್ಕೊಮ್ಮೆ ಇನ್ನೂ ಆಳವಾಗಿ ನೋಡಲು ಸಿದ್ಧ ಪ್ರಶ್ನಾವಳಿಗಳಿವೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮಾಡಿದ ಪ್ರಶ್ನಾವಳಿಯಲ್ಲಿ 40 ಪ್ರಶ್ನೆಗಳಿವೆ. ಹಣದ ಭದ್ರತೆ, ಸಂಸ್ಥೆಯ ಶಕ್ತಿ, ಹೊರಗಿನ ಬೆಂಬಲ, ಮೌಲ್ಯಮಾಪನ, ಹೀಗೆ 8 ವಿಭಾಗ. ಪ್ರತಿ ಪ್ರಶ್ನೆಗೆ 1ರಿಂದ 7ರವರೆಗೆ ಅಂಕ. ಇದನ್ನು ಗುಂಪಿನಲ್ಲಿ ಕೂತು ತುಂಬಿಸಬೇಡಿ, ದೊಡ್ಡವರು ಹೇಳಿದ್ದೇ ಎಲ್ಲರ ಉತ್ತರ ಆಗುತ್ತದೆ. ಒಬ್ಬೊಬ್ಬರೇ ತುಂಬಲಿ, ಆಮೇಲೆ ಪಕ್ಕ ಪಕ್ಕ ಇಟ್ಟು ನೋಡಿ. ಮೇಲಧಿಕಾರಿ 6 ಕೊಟ್ಟ ಕಡೆ ನರ್ಸ್ 2 ಕೊಟ್ಟಿದ್ದರೆ ಮಾತಾಡಬೇಕಾದ್ದು ಅಲ್ಲೇ. ಒಟ್ಟು ಸರಾಸರಿಯಿಂದ ಏನೂ ಗೊತ್ತಾಗುವುದಿಲ್ಲ.

ಕೆಡುತ್ತಿದೆ ಎಂದು ಮೊದಲೇ ತೋರಿಸುವ ಗುರುತುಗಳು

ಗ್ರಾಫ್ ಇಳಿಯುವ ಮೊದಲೇ ಇವು ಕಾಣಿಸುತ್ತವೆ. ವಾರ್ಡ್‌ನಲ್ಲಿ ಒಂದು ಸುತ್ತು ಹಾಕಿದರೆ ಸಾಕು.

ಚೆಕ್‌ಲಿಸ್ಟ್‌ನ ಟಿಕ್‌ಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ, ಒಂದೇ ಉಸಿರಿನಲ್ಲಿ ಹಾಕಿದ ಹಾಗಿವೆ. ಆಪರೇಷನ್ ಚೆಕ್‌ಲಿಸ್ಟ್‌ಗೆ ಮೂರು ನಿಲುಗಡೆ ಇರುತ್ತವೆ: ಅರಿವಳಿಕೆಗೆ ಮೊದಲು, ಕತ್ತರಿಸುವ ಮೊದಲು, ರೋಗಿ ಹೊರಗೆ ಹೋಗುವ ಮೊದಲು. ಮೂರನೆಯದಕ್ಕೂ ಬೆಳಗ್ಗೆಯೇ ಟಿಕ್ ಬಿದ್ದಿದ್ದರೆ ಅದು ಬರಿ ಕಾಗದ.

ಗೋಡೆಯ ಗ್ರಾಫ್‌ನ ಕೊನೆಯ ಚುಕ್ಕಿ ಮೂರು ತಿಂಗಳ ಹಿಂದಿನದು. ರಿಜಿಸ್ಟರ್‌ನಲ್ಲಿ ಹೊಸ ಹೆಸರು ಸೇರುತ್ತಿವೆ, ಹಳೆಯ ಹೆಸರಿನ ಮುಂದೆ ಏನೂ ಬರೆದಿಲ್ಲ. "ಆ ಕಾರ್ಯಕ್ರಮ ಅವರದ್ದು, ಅವರನ್ನೇ ಕೇಳಿ" ಎನ್ನುವ ಮಾತು ಕೇಳಿಸುತ್ತದೆ. ಮಾತ್ರೆ ಸ್ಟಾಕ್ ಕಡಿಮೆ ಎಂದು ತಿಂಗಳಿಗೆ ಕೊಡುವ ಬದಲು ವಾರಕ್ಕೆ ಕೊಡುತ್ತಿದ್ದಾರೆ. ಈ ಕೊನೆಯದು ಕಂಡರೆ ಮುಂದಿನ ಸಭೆಗೆ ಕಾಯಬೇಡಿ, ಅವತ್ತೇ ಸಹಿ ಹಾಕುವವರ ಬಳಿ ಹೋಗಿ. ವಾರ ವಾರ ಬರಲಾಗದೆ ಬಿಟ್ಟುಹೋದ ರೋಗಿಯನ್ನು ಮತ್ತೆ ಕರೆತರುವುದು ಬಹಳ ಕಷ್ಟ.

ಹಂತ 10: ನಿಲ್ಲಿಸಬೇಕಾದಾಗ ಸರಿಯಾಗಿ ನಿಲ್ಲಿಸಿ

ಎಲ್ಲ ಕಾರ್ಯಕ್ರಮವನ್ನೂ ಉಳಿಸಬೇಕಾಗಿಲ್ಲ. ಪುರಾವೆಯೇ ಬದಲಾಗಬಹುದು. ಐಸಿಯು ರೋಗಿಗಳ ಸಕ್ಕರೆಯನ್ನು ಇನ್ಸುಲಿನ್‌ನಿಂದ ಬಹಳ ಬಿಗಿಯಾಗಿ ಇಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು 2001ರ ಒಂದು ಅಧ್ಯಯನ ಹೇಳಿತು. ಅನೇಕ ಕಡೆ ಅದೇ ನಿಯಮವಾಯಿತು. 2009ರಲ್ಲಿ ಆರು ಸಾವಿರಕ್ಕೂ ಹೆಚ್ಚು ರೋಗಿಗಳ ದೊಡ್ಡ ಪರೀಕ್ಷೆಯ ಫಲ ಬಂದಾಗ ಬಿಗಿ ಹತೋಟಿಯ ಗುಂಪಿನಲ್ಲೇ ಸಾವು ಹೆಚ್ಚಿತ್ತು: 27.5%, ಇನ್ನೊಂದರಲ್ಲಿ 24.9%. ಅಂಥ ನಿಯಮವನ್ನು ಚೆನ್ನಾಗಿ ಬೇರೂರಿಸಿದ್ದವರಿಗೆ ಅದನ್ನು ಕೀಳುವುದೂ ಅಷ್ಟೇ ಕಷ್ಟ. ಅದಕ್ಕೇ ವರ್ಷದ ಸಭೆಯಲ್ಲಿ "ಈ ವಿಷಯದಲ್ಲಿ ಹೊಸ ಪುರಾವೆ ಏನಾದರೂ ಬಂದಿದೆಯಾ?" ಎಂಬ ಪ್ರಶ್ನೆ ಇರಲೇಬೇಕು. ಹುಡುಕಿ ತರುವ ಕೆಲಸವನ್ನು ಒಬ್ಬರಿಗೆ ವಹಿಸಿ.

ನಿಲ್ಲಿಸಲು ತೀರ್ಮಾನ ಮಾಡಿದರೆ ಅದನ್ನೂ ಕ್ರಮವಾಗಿ ಮಾಡಿ.

1. ನಿಲ್ಲಿಸುವ ತಾರೀಖನ್ನು, ಕಾರಣವನ್ನು ಎಲ್ಲ ಶಿಫ್ಟ್‌ಗೂ ಬರಹದಲ್ಲಿ ತಿಳಿಸಿ. ಬಾಯಿಮಾತಿನಲ್ಲಿ ನಿಲ್ಲಿಸಿದರೆ ರಾತ್ರಿ ಶಿಫ್ಟ್‌ನವರು ಇನ್ನೂ ಮಾಡುತ್ತಲೇ ಇರುತ್ತಾರೆ.

2. ಹಳೆಯ ಫಾರಂ, ಪೋಸ್ಟರ್, ಕಂಪ್ಯೂಟರ್‌ನಲ್ಲಿ ತಾನಾಗಿ ಬರುವ ಸೂಚನೆ, ಎಲ್ಲ ಅವತ್ತೇ ತೆಗೆಯಿರಿ.

3. ರಿಜಿಸ್ಟರ್‌ನಲ್ಲಿ ಇರುವ ಒಬ್ಬೊಬ್ಬ ರೋಗಿಯ ಹೆಸರಿನ ಮುಂದೆ ಇನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂದು ಬರೆಯಿರಿ. ಮಾತ್ರೆ ನಡೆಯುತ್ತಿರುವವರಿಗೆ ಮುಂದಿನದನ್ನು ಎಲ್ಲಿ, ಯಾವ ತಾರೀಖಿಗೆ ತೆಗೆದುಕೊಳ್ಳಬೇಕು ಎಂದು ಚೀಟಿಯಲ್ಲಿ ಬರೆದು ಕೈಗೆ ಕೊಡಿ. ಕೊನೆಯ ಹೆಸರಿನ ಮುಂದೆಯೂ ಬರೆದಾದ ಮೇಲೆ ರಿಜಿಸ್ಟರ್ ಮುಚ್ಚಿ.